ಡಿರೈವೇಟಿವ್ ಅರ್ಥವಾಗುತ್ತೆ, ಲೆಕ್ಕ ಮಾತ್ರ ನಡುವೆ ಕೆಡುತ್ತೆ: ಬೀಜಗಣಿತದಲ್ಲಿ ಯಾವುದನ್ನು ಸರಿಮಾಡಿಕೊಳ್ಳಲಿ?

ಪ್ರಶ್ನೆ (ಪಿಯು_ವಿಜ್ಞಾನ)

ಮೊದಲ ಪಿಯುಸಿ, ಹತ್ತರ ತನಕ ಕನ್ನಡ ಮಾಧ್ಯಮ. ಡಿರೈವೇಟಿವ್ ಅಂದರೆ ಸ್ಪರ್ಶಕದ ಸ್ಲೋಪ್ ಅನ್ನೋದು ಗೊತ್ತು. ಆದರೆ ಫಸ್ಟ್ ಪ್ರಿನ್ಸಿಪಲ್‌ನಿಂದ (ಅಂದರೆ (ಎಫ್(ಎಕ್ಸ್+ಎಚ್) − ಎಫ್(ಎಕ್ಸ್))/ಎಚ್ ಬರೆದು, ಎಚ್ ಸೊನ್ನೆಗೆ ಹೋದಾಗಿನ ಲಿಮಿಟ್ ತೆಗೆದು) ಮಾಡಿ ಅಂದಾಗ ಉತ್ತರ ಬರಲ್ಲ. ಎಕ್ಸ್² − 5ಎಕ್ಸ್ ಮಾಡಿದರೆ ಕೊನೆಗೆ −10ಎಕ್ಸ್/ಎಚ್ ಅಂತ ಒಂದು ಉಳಿದುಕೊಳ್ಳುತ್ತೆ. 1/ಎಕ್ಸ್‌ನಲ್ಲಿ ಎಚ್ ಹೋಗೋದೇ ಇಲ್ಲ. ಎಂಟನೇ ಕ್ಲಾಸಿನಿಂದ ಬೀಜಗಣಿತ ಪೂರ್ತಿ ಮತ್ತೆ ಓದಬೇಕಾ ಸರ್?

ಉತ್ತರ 1 (ಅಂಶ_ಛೇದ)

ಪೂರ್ತಿ ಬೇಡ. ನಿಮ್ಮ −10ಎಕ್ಸ್ ಎಲ್ಲಿಂದ ಬಂತು ನೋಡಿ. ಎಫ್(ಎಕ್ಸ್+ಎಚ್) ಬಿಡಿಸಿದರೆ ಎಕ್ಸ್² + 2ಎಕ್ಸ್ಎಚ್ + ಎಚ್² − 5ಎಕ್ಸ್ − 5ಎಚ್. ಇದರಿಂದ ಎಫ್(ಎಕ್ಸ್) ಕಳೆಯುವಾಗ ಆವರಣ ಹಾಕದೆ − ಎಕ್ಸ್² − 5ಎಕ್ಸ್ ಅಂತ ಬರೆದಿದ್ದೀರಿ. −(ಎಕ್ಸ್² − 5ಎಕ್ಸ್) ಅಂದರೆ − ಎಕ್ಸ್² + 5ಎಕ್ಸ್. ಆಗ ಅಂಶದಲ್ಲಿ 2ಎಕ್ಸ್ಎಚ್ + ಎಚ್² − 5ಎಚ್ ಮಾತ್ರ ಉಳಿಯುತ್ತೆ.

ಇಂಥ ಬಹುಪದಗಳಲ್ಲಿ ಒಂದು ತಪಾಸಣೆ ಇದೆ: ಕಳೆದಾದ ಮೇಲೆ ಎಚ್ ಇಲ್ಲದ ಪದ ಒಂದೂ ಉಳಿಯಬಾರದು. ಉಳಿದರೆ ಮುಂದೆ ಹೋಗಲೇಬೇಡಿ, ತಪ್ಪು ಅದರ ಹಿಂದಿನ ಸಾಲುಗಳಲ್ಲೇ ಇದೆ, ಬಹುಪಾಲು ಚಿಹ್ನೆಯದ್ದು.

ಇನ್ನು ಎಚ್ ಹೊಡೆಯೋದು. (2ಎಕ್ಸ್ಎಚ್ + ಎಚ್²)/ಎಚ್ ಅನ್ನು 2ಎಕ್ಸ್ + ಎಚ್² ಅಂತ ಬರೆಯುವವರು ತುಂಬಾ ಜನ. ಮೊದಲ ಪದದ ಎಚ್ ಮಾತ್ರ ಹೊಡೆದು ಎರಡನೆಯದನ್ನು ಹಾಗೇ ಬಿಟ್ಟಿರುತ್ತಾರೆ. ಎಕ್ಸ್ = 3, ಎಚ್ = 0.1 ಹಾಕಿ: ನಿಜವಾದ ಬೆಲೆ 0.61/0.1 = 6.1, ಇವರದು 6.01. ಎಚ್ ಸೊನ್ನೆಗೆ ಹೋದಾಗ ಎರಡೂ 2ಎಕ್ಸ್ ಆಗೋದರಿಂದ ಈ ತಪ್ಪು ಕಣ್ಣಿಗೆ ಬೀಳದೆ ಉಳಿದುಬಿಡುತ್ತೆ, ಅದೇ ಅಪಾಯ. ಮೊದಲು ಎಚ್(2ಎಕ್ಸ್ + ಎಚ್) ಅಂತ ಅಪವರ್ತಿಸಿ, ಆಮೇಲೆ ಹೊಡೆಯಿರಿ. ಗುಣಾಕಾರದಲ್ಲಿ ಇರೋದನ್ನಷ್ಟೇ ಹೊಡೆಯಬಹುದು.

ಉತ್ತರ 2 (ಲಸಾಅ)

1/ಎಕ್ಸ್ ಬಗ್ಗೆ: 1/(ಎಕ್ಸ್+ಎಚ್) ಅನ್ನು 1/ಎಕ್ಸ್ + 1/ಎಚ್ ಅಂತ ಒಡೆದಿಲ್ಲ ತಾನೆ? 2 ಮತ್ತು 3 ಹಾಕಿದರೆ ಒಂದು ಕಡೆ 1/5, ಇನ್ನೊಂದು ಕಡೆ 5/6. ಲ.ಸಾ.ಅ. ತಗೊಳ್ಳಿ: ಅಂಶ ಎಕ್ಸ್ − (ಎಕ್ಸ್+ಎಚ್) = −ಎಚ್, ಛೇದ ಎಕ್ಸ್(ಎಕ್ಸ್+ಎಚ್). ಇಲ್ಲೂ ಆವರಣ ಮರೆತರೆ ಅಂಶ +ಎಚ್ ಆಗಿ ಉತ್ತರದ ಚಿಹ್ನೆ ತಿರುಗುತ್ತೆ. ಈಗ ಎಚ್‌ನಿಂದ ಭಾಗಿಸುವುದು ಅಂದರೆ 1/ಎಚ್‌ನಿಂದ ಗುಣಿಸುವುದು. ಎಚ್ ಛೇದಕ್ಕೆ ಸೇರುತ್ತೆ, ಅಂಶಕ್ಕಲ್ಲ. ಉಳಿಯೋದು −1/(ಎಕ್ಸ್(ಎಕ್ಸ್+ಎಚ್)), ಲಿಮಿಟ್ −1/ಎಕ್ಸ್². ಛೇದವನ್ನು ಬಿಡಿಸಿ ಗುಣಿಸುವ ಚಪಲ ಬೇಡ, ಅದರಿಂದ ಸಾಲು ಉದ್ದವಾಗುತ್ತೆ ಅಷ್ಟೇ.

ಉತ್ತರ 3 (ಘಾತಾಂಕ)

ಫಸ್ಟ್ ಪ್ರಿನ್ಸಿಪಲ್ ದಾಟಿ ಸೂತ್ರಗಳಿಗೆ ಬಂದ ಮೇಲೆ ಕಾಡೋದು ಘಾತಾಂಕ. 5/(2ಎಕ್ಸ್³) ಅನ್ನು 10ಎಕ್ಸ್⁻³ ಅಂತ ಬರೆಯುತ್ತಾರೆ. 2ಕ್ಕೆ ಘಾತ ಇಲ್ಲ, ಅದು ಕೆಳಗೇ ಇರಬೇಕು: (5/2)ಎಕ್ಸ್⁻³. ಡಿರೈವೇಟಿವ್ −(15/2)ಎಕ್ಸ್⁻⁴. −3ರಲ್ಲಿ ಒಂದು ಕಳೆದರೆ −4, −2 ಅಲ್ಲ.

(ಎಕ್ಸ್² + 1)/ಎಕ್ಸ್ ಕಂಡ ಕೂಡಲೇ ಕೋಶಂಟ್ ರೂಲ್ (ಭಾಗಾಕಾರದ ಡಿರೈವೇಟಿವ್ ಸೂತ್ರ) ಹಾಕೋದು ಸುಮ್ಮನೆ ಶ್ರಮ. ಎಕ್ಸ್ + ಎಕ್ಸ್⁻¹ ಅಂತ ಒಡೆದರೆ ಒಂದೇ ಸಾಲು. ಛೇದದಲ್ಲಿ ಒಂದೇ ಪದ ಇದ್ದಾಗ ಮಾತ್ರ ಹೀಗೆ ಒಡೆಯಬಹುದು. ಎಕ್ಸ್/(ಎಕ್ಸ್² + 1) ಅನ್ನು ಒಡೆಯೋಕೆ ಆಗಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿ ತಪ್ಪು ಗರಿಷ್ಠ-ಕನಿಷ್ಠದ ಲೆಕ್ಕದಲ್ಲಿ ಆಗೋದು. ಎಕ್ಸ್²(ಎಕ್ಸ್−3)³ಕ್ಕೆ ಪ್ರಾಡಕ್ಟ್ ರೂಲ್ (ಗುಣಾಕಾರದ ಡಿರೈವೇಟಿವ್ ಸೂತ್ರ) ಹಾಕಿದರೆ 2ಎಕ್ಸ್(ಎಕ್ಸ್−3)³ + 3ಎಕ್ಸ್²(ಎಕ್ಸ್−3)². ಇದನ್ನು ಬಿಡಿಸಿ ಬರೆದರೆ ನಾಲ್ಕನೇ ಘಾತದ ಸಮೀಕರಣ ಎದುರಾಗುತ್ತೆ, ಅಲ್ಲೇ ಕೂತುಬಿಡುತ್ತೀರಿ. ಎರಡೂ ಪದಕ್ಕೆ ಸಾಮಾನ್ಯವಾದ ಎಕ್ಸ್(ಎಕ್ಸ್−3)² ಹೊರಗೆ ತೆಗೆಯಿರಿ. ಒಳಗೆ 2(ಎಕ್ಸ್−3) + 3ಎಕ್ಸ್, ಅಂದರೆ 5ಎಕ್ಸ್ − 6. ಸೊನ್ನೆಗೆ ಸಮ ಮಾಡಿದರೆ ಎಕ್ಸ್ = 0, 3, 6/5. ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ‘ಸುಲಭ ಮಾಡಿಕೊಂಡವರು’ 0 ಕಳೆದುಕೊಳ್ಳುತ್ತಾರೆ. ಇಲ್ಲಿ ಸ್ಥಳೀಯ ಗರಿಷ್ಠ ಇರೋದೇ 0ಯಲ್ಲಿ!

ಪಿಯು_ವಿಜ್ಞಾನ

ಆವರಣವೇ ನನ್ನ ತಪ್ಪು, ಥ್ಯಾಂಕ್ಸ್. ಇನ್ನೊಂದು: (√(ಎಕ್ಸ್+4) − 2)/ಎಕ್ಸ್, ಎಕ್ಸ್ ಸೊನ್ನೆಗೆ ಹೋದಾಗ. √ಎಕ್ಸ್ + 2 − 2 ಅಂತ ಮಾಡಿದೆ, 1/√ಎಕ್ಸ್ ಬಂತು, ಅನಂತ. ಪುಸ್ತಕದಲ್ಲಿ 1/4.

ಉತ್ತರ 4 (ಲಸಾಅ)

ಕೂಡಿರುವುದರ ಮೇಲೆ ವರ್ಗಮೂಲ ಹಂಚಿಕೆಯಾಗಲ್ಲ. ಎಕ್ಸ್ = 5 ಹಾಕಿ ನೋಡಿ: √9 = 3, ನಿಮ್ಮದು √5 + 2, ಸುಮಾರು 4.24. ಹೈಸ್ಕೂಲಲ್ಲಿ ಛೇದವನ್ನು ಅಕರಣೀಕರಿಸಿದ (ವರ್ಗಮೂಲ ಹೋಗುವಂತೆ ಮಾಡಿದ) ಹಾಗೇ, ಇಲ್ಲಿ ಅಂಶವನ್ನು: ಮೇಲೂ ಕೆಳಗೂ √(ಎಕ್ಸ್+4) + 2 ನಿಂದ ಗುಣಿಸಿ. ಅಂಶ (ಎಕ್ಸ್+4) − 4 = ಎಕ್ಸ್. ಛೇದವನ್ನು ಗುಣಿಸದೆ ಎಕ್ಸ್(√(ಎಕ್ಸ್+4) + 2) ಅಂತಲೇ ಇಡಿ, ಆಗ ಎಕ್ಸ್ ತಾನಾಗಿ ಹೋಗುತ್ತೆ. ಉಳಿದ 1/(√(ಎಕ್ಸ್+4) + 2) ನಲ್ಲಿ ಸೊನ್ನೆ ಹಾಕಿದರೆ 1/4. √ಎಕ್ಸ್‌ನ ಡಿರೈವೇಟಿವ್‌ಗೂ ಇದೇ ದಾರಿ; ಅಲ್ಲಿ ಅಂಶದಲ್ಲಿ ಎಚ್ ಉಳಿಯುತ್ತೆ, ಉತ್ತರ 1/(2√ಎಕ್ಸ್).