ಸಹಾಯ ಬೇಕು: ದಾಸರ ಪದಕ್ಕೆ ಕಾಪಿರೈಟ್ ಕ್ಲೇಮ್ ಬಂದಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಬಸವನಗುಡಿಯಲ್ಲಿ. ಹೋದ ವಾರ ಮಗಳು ಪುರಂದರದಾಸರ ಒಂದು ದೇವರನಾಮ ಹಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಮ್ಮ ಪುಟ್ಟ ಯೂಟ್ಯೂಬ್ ಚಾನೆಲ್‌ಗೆ ಹಾಕಿದ್ದೆ. ಮರುದಿನವೇ ಒಂದು ಆಡಿಯೋ ಕಂಪನಿಯ ಹೆಸರಿನಲ್ಲಿ ಕಾಪಿರೈಟ್ ಕ್ಲೇಮ್, ಅಂದರೆ 'ಇದರ ಹಕ್ಕು ನಮ್ಮದು' ಅಂತ! ವಿಡಿಯೋದಲ್ಲಿ ಇರುವುದು ಅವಳ ದನಿ, ಶ್ರುತಿ ಪೆಟ್ಟಿಗೆ, ನಡುವೆ ಒಂದು ಕುಕ್ಕರ್ ಸೀಟಿ. ಅಷ್ಟೇ. ಹೊಸ ಸಿನಿಮಾಗಳ ಕಳ್ಳ ಪ್ರತಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತೆ, ಹಾಡು ಹೋಲಿಸಿ ನೋಡುವ ಮಷಿನ್ನಿಗೆ ಸಿಕ್ಕಿಬಿದ್ದದ್ದು ನನ್ನ ಮಗಳು.

ದಾಸರು ತೀರಿಕೊಂಡದ್ದು 1564ರಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ಹೋದ ಮೇಲೆ 60 ವರ್ಷ ಮಾತ್ರ ಹಕ್ಕು. ಹಾಗಾಗಿ ಸಾಹಿತ್ಯ ಯಾರ ಸ್ವತ್ತೂ ಅಲ್ಲ, ಅಲ್ವಾ? ಕಂಪನಿಯ ರೆಕಾರ್ಡಿಂಗ್‌ಗೆ ಬೇರೆಯದೇ ಹಕ್ಕಿದೆ, ಅದೂ ಪ್ರಕಟವಾದ ಮೇಲೆ 60 ವರ್ಷ. ಒಪ್ಪಿದೆ. ಆದರೆ ಅದರ ಒಂದು ತುಣುಕನ್ನೂ ನಾವು ಬಳಸಿಲ್ಲ.

ನನ್ನ ತಲೆ ಕೆಡಿಸಿರುವುದು ಧಾಟಿ. ಈಗ ಹಾಡುವ ಎಷ್ಟೋ ಧಾಟಿಗಳು ದಾಸರ ಕಾಲದವಲ್ಲ. ಇತ್ತೀಚಿನವರು ಯಾರಾದರೂ ಸಂಗೀತ ಹಾಕಿದ್ದರೆ ಅದರ ಮೇಲೆ ಅವರಿಗೆ ಹಕ್ಕು ಇರಬಹುದು. ಮಗಳು ಕಲಿತದ್ದು ನಮ್ಮತ್ತೆಯಿಂದ, ಅತ್ತೆ ಅವರಮ್ಮನಿಂದ. ಇದನ್ನು ಸಾಬೀತು ಮಾಡುವುದು ಹೇಗೆ?

ಇಂಥ ಕ್ಲೇಮ್‌ಗೆ ಡಿಸ್‌ಪ್ಯೂಟ್ (ಆಕ್ಷೇಪಣೆ) ಹಾಕಿ ಗೆದ್ದವರು ಇದ್ದೀರಾ? ಏನಂತ ಬರೆದಿರಿ? ಕಂಪನಿಯವರು ಒಪ್ಪದಿದ್ದರೆ ಚಾನೆಲ್ ಮೇಲೆ ಸ್ಟ್ರೈಕ್ (ನಿಯಮ ಮುರಿದದ್ದಕ್ಕೆ ಹಾಕುವ ಕಪ್ಪು ಚುಕ್ಕೆ) ಬೀಳುತ್ತೆ ಎಂದು ಮನೆಯವರು ಹೆದರಿಸುತ್ತಿದ್ದಾರೆ. ಜಯನಗರ, ಚಾಮರಾಜಪೇಟೆ ಕಡೆ ಕಾಪಿರೈಟ್ ಗೊತ್ತಿರುವ ವಕೀಲರಿದ್ದರೂ ತಿಳಿಸಿ. 'ಸುಮ್ನೆ ಡಿಲೀಟ್ ಮಾಡಿ' ಅಂತ ಮಾತ್ರ ಹೇಳಬೇಡಿ, ಅದನ್ನು ಆಗಲೇ ಮೂರು ಜನ ಹೇಳಿದ್ದಾರೆ.