ದವಡೆ ಕೀಲಿನ ನೋವು: ಆಪರೇಷನ್ ಇಲ್ಲದೆ ವಾಸಿಯಾದವರು ಏನು ಮಾಡಿದಿರಿ?

ಕೇಳಿದವರು, ಮೈಸೂರು:
ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳಿಂದ ಬಲಗಿವಿಯ ಮುಂದೆ ನೋವು. ಆಕಳಿಸಿದರೆ ಟಕ್ ಅನ್ನುತ್ತೆ, ಬೆಳಗ್ಗೆ ಏಳುವಾಗ ಕೆನ್ನೆಯೆಲ್ಲ ಬಿಗಿದಿರುತ್ತೆ. ಕಿವಿ ಡಾಕ್ಟರು ನೋಡಿ, ಕಿವಿ ಚೆನ್ನಾಗಿದೆ, ಇದು ದವಡೆ ಕೀಲಿನ ತೊಂದರೆ, ಟಿಎಂಡಿ ಅಂದರು. ಹಲ್ಲಿನ ಕ್ಲಿನಿಕ್ ಒಂದರಲ್ಲಿ ಹಲ್ಲು ತೇಯ್ದು ಸರಿ ಮಾಡೋಣ, ಕಡಿಮೆಯಾಗದಿದ್ದರೆ ಆಪರೇಷನ್ ಅಂದಿದ್ದಾರೆ. ತುಂಬಾ ಭಯವಾಗಿದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿಕ್ಷಕಿ, ಹಾಸನ:
ಮೊದಲು ಹಲ್ಲು ತೇಯಿಸಿಕೊಳ್ಳೋದನ್ನ ನಿಲ್ಲಿಸಿ. ತೇಯ್ದ ಹಲ್ಲು ಮತ್ತೆ ಬೆಳೆಯಲ್ಲ, ಮತ್ತು ಈ ನೋವು ಬಹಳ ಜನರಲ್ಲಿ ಸ್ನಾಯುವಿನದ್ದು.

ನನಗೆ ಎಲ್ಲಕ್ಕಿಂತ ಗುಣ ಕೊಟ್ಟದ್ದು ಹಗಲಲ್ಲಿ ಹಲ್ಲು ಕಚ್ಚಿ ಹಿಡಿಯೋದನ್ನ ಬಿಟ್ಟಿದ್ದು. ಉತ್ತರಪತ್ರಿಕೆ ತಿದ್ದುವಾಗ, ಗಾಡಿ ಓಡಿಸುವಾಗ, ಫೋನ್ ನೋಡುವಾಗ ಗಮನಿಸಿ, ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ಅಗಿಯೋದು, ಎಂಜಲು ನುಂಗೋದು ಬಿಟ್ಟರೆ ಅವು ತಾಗಬೇಕಾಗಿಯೇ ಇಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂಬಲ್ಲಿನ ಹಿಂದೆ ಅಂಗುಳಕ್ಕೆ ಒರಗಿರಲಿ. ಮೇಜಿನ ಮೇಲೆ, ಫೋನಿನ ಹಿಂದೆ ಹಸಿರು ಬಿಂದಿ ಅಂಟಿಸಿಕೊಂಡಿದ್ದೆ. ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲ ಬಿಡೋದು. ಅಭ್ಯಾಸ ಆಗೋಕೆ ಸಮಯ ಹಿಡಿಯುತ್ತೆ, ಬೇಸರ ಮಾಡ್ಕೋಬೇಡಿ.

ಚಕ್ಕುಲಿ, ಕೋಡುಬಳೆ, ಸೀಬೆಕಾಯಿ, ಕಬ್ಬು, ಚೂಯಿಂಗ್ ಗಮ್ ಸ್ವಲ್ಪ ದಿನ ದೂರವಿಡಿ. ಮುದ್ದೆ ಸಾರು, ಇಡ್ಲಿ, ಮೊಸರನ್ನ ಸಾಕು. ನೋವು ಇಳಿದ ಮೇಲೆ ಮಾಮೂಲಿ ಊಟಕ್ಕೆ ಬನ್ನಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನ 15–20 ನಿಮಿಷ ಕೆನ್ನೆಗೆ ಇಟ್ಟರೆ ಹಾಯಾಗುತ್ತೆ. ಆಕಳಿಕೆ ಬಂದಾಗ ಗದ್ದದ ಕೆಳಗೆ ಕೈ ಆನಿಸಿಕೊಳ್ಳಿ, ಬಾಯಿ ಪೂರ್ತಿ ತೆರೆಯಲ್ಲ.

ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ:
ಮ್ಯಾಲೆ ಟೀಚರ್ ಹೇಳಿದ್ದು ಖರೇ ಐತ್ರಿ. 2023ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್ ಬಹಳ ದಿನದ ಟಿಎಂಡಿ ನೋವಿಗೆ ಮಾರ್ಗಸೂಚಿ ಪ್ರಕಟ ಮಾಡ್ತು. ಅದರಾಗ ಗಟ್ಟಿಯಾಗಿ ಶಿಫಾರಸು ಮಾಡಿದ್ದು ದವಡೆ ವ್ಯಾಯಾಮ, ಕುತ್ತಿಗೆ ಮತ್ತ ಭುಜದ ಭಂಗಿ ತಿದ್ದೋ ವ್ಯಾಯಾಮ, ಕಲಿತವರ ಕೈಯಿಂದ ಕೀಲು ಸಡಿಲ ಮಾಡಿಸೋದು, ಸ್ನಾಯುವಿನ ಗಂಟು ಒತ್ತಿ ಬಿಡಿಸೋದು, ಕಾಗ್ನಿಟಿವ್ ಬಿಹೇವಿಯರ್ ಥೆರಪಿ (ಯೋಚನೆ, ಅಭ್ಯಾಸ ತಿದ್ದೋ ಮಾತಿನ ಚಿಕಿತ್ಸೆ). ಕೀಲಿನ ಡಿಸ್ಕ್ (ಎಲುಬಿನ ನಡುವಿನ ಮೆತ್ತನ್ನ ಪದರ) ತಗಿಯೋ ಆಪರೇಷನ್ ಬ್ಯಾಡ ಅಂತನೂ ಅಷ್ಟ ಗಟ್ಟಿಯಾಗಿ ಹೇಳೇತಿ. ಬೊಟಾಕ್ಸ್, ಲೇಸರ್, ಟೆನ್ಸ್ (ಚರ್ಮದ ಮ್ಯಾಲೆ ಸಣ್ಣಗ ಕರೆಂಟ್ ಕೊಡೋದು) ಇವಕ್ಕೂ ಸಾಮಾನ್ಯವಾಗಿ ಬ್ಯಾಡ ಅನ್ನೋ ಕಡೆಗೇ ವಾಲೇತಿ. ಅದಕ್ಕ ದುಬಾರಿ ಪ್ಯಾಕೇಜ್‌ಗೆ ರೊಕ್ಕ ಕಟ್ಟೋಕ ಮುಂಚೆ ವಿಚಾರ ಮಾಡ್ರಿ.

ಒಂದು ವ್ಯಾಯಾಮ ಇವತ್ತೇ ಶುರು ಮಾಡಬಹುದು. ಕನ್ನಡಿ ಮುಂದ ಕೂತು ನಾಲಿಗೆ ಅಂಗುಳಕ್ಕ ಹಚ್ಚಿ, ನಾಲಿಗೆ ಬಿಡದಂಗ ಎಷ್ಟು ಆಗ್ತದೋ ಅಷ್ಟೇ ಬಾಯಿ ತೆರೀರಿ. ಒಮ್ಮೆಗೆ 6 ಸಲ, ದಿನಕ್ಕ 6 ಹೊತ್ತು. ಇದು ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೊ ರೊಕಬಾಡೊ ಅವರ ಪದ್ಧತಿಯೊಳಗಿನದು. ನೋವು ಜಾಸ್ತಿ ಆದ್ರ ನಿಲ್ಲಿಸ್ರಿ. ಟಕ್ ಅನ್ನೋದು ಒಳಗಿನ ಡಿಸ್ಕ್ ಜಾಗ ಸರಿದು ವಾಪಸ್ ಕೂಡೋ ಸದ್ದು. ಬರೇ ಸದ್ದಿದ್ದು ನೋವಿಲ್ಲಂದ್ರ ಅದಕ್ಕ ಚಿಕಿತ್ಸೆನೇ ಬೇಕಿಲ್ಲ.

ಅಡಿಕೆ ಬೆಳೆಗಾರ, ಸಾಗರ:
ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಬಾಯೊಳಗೆ ಹಾಕಿ ನೋಡಿ. ಅಷ್ಟೂ ಹಿಡಿಸದೆ, ಖಾರ ತಿಂದರೆ ಉರಿ, ಕೆನ್ನೆಯ ಒಳಭಾಗ ಬಿಳಿಚಿ ಗಡುಸಾಗಿದ್ದರೆ, ಅಡಿಕೆ ಅಥವಾ ಗುಟ್ಕಾ ಹಾಕುವ ಅಭ್ಯಾಸವೂ ಇದ್ದರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರ ಗಡುಸಾಗುವ ರೋಗ, ಇರಬಹುದು. ಕೀಲು ನೋವೆಂದುಕೊಂಡು ಶಾಖ ಕೊಡುತ್ತಾ ಕೂರಬೇಡಿ, ಅದು ಕ್ಯಾನ್ಸರಿಗೆ ತಿರುಗಬಹುದು. ನನ್ನ ಭಾವನಿಗೆ ಹೀಗೇ ಆಯಿತು, ಅಡಿಕೆ ಬಿಡಿಸಿದ್ದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಐಟಿ ಉದ್ಯೋಗಿ, ಬೆಂಗಳೂರು:
ನಾನು ರಾತ್ರಿ ಹಲ್ಲು ಕಡಿಯುತ್ತೇನೆ, ಅಳತೆ ತೆಗೆದು ಮಾಡಿಸಿದ ಗಾರ್ಡ್ (ಹಲ್ಲಿನ ಕವಚ) ಹಾಕುತ್ತೇನೆ. ಹಲ್ಲು ಸವೆಯೋದು ನಿಂತಿದೆ. ನೋವು ಮಾತ್ರ ಅದೊಂದರಿಂದಲೇ ಹೋಗಲಿಲ್ಲ, ವ್ಯಾಯಾಮ ಮತ್ತು ನಿದ್ದೆ ಸರಿಯಾದ ಮೇಲೆ ಹೋಯಿತು.

ನರ್ಸ್, ಬೆಂಗಳೂರು:
50 ದಾಟಿದವರಿಗೆ ಅಗಿಯುವಾಗ ದವಡೆ ನೋವು, ಹಣೆಯ ಪಕ್ಕ ಹೊಸದಾಗಿ ತಲೆನೋವು, ಕಣ್ಣು ಮಂಜು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತನಾಳದ ಉರಿಯೂತ ಆಗಿರಬಹುದು, ತಡವಾದರೆ ದೃಷ್ಟಿ ಹೋಗುತ್ತೆ. ಬಾಯಿ ಇದ್ದಕ್ಕಿದ್ದಂತೆ ಲಾಕ್ ಆದರೆ, ಊತದ ಜೊತೆ ಜ್ವರ ಬಂದರೆ ಕಾಯಬೇಡಿ. ಎದೆ ಬಿಗಿತ, ಬೆವರಿನ ಜೊತೆ ದವಡೆ ನೋವಾದರೆ ನೇರ ಎಮರ್ಜೆನ್ಸಿಗೆ.

ಮೈಸೂರಿನವರೇ, ನಿಮಗೆ ಎರಡನೇ ಅಭಿಪ್ರಾಯ ಬೇಕೇ ಬೇಕು. ಹತ್ತಿರದ ಡೆಂಟಲ್ ಕಾಲೇಜಿನಲ್ಲಿ ಓರಲ್ ಮೆಡಿಸಿನ್ (ಬಾಯಿ ರೋಗಗಳ) ವಿಭಾಗ ಕೇಳಿ ಹೋಗಿ, ಹಳೆಯ ಎಕ್ಸ್‌ರೇ ಮತ್ತು ಈಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ.