ಜೀಪಿನ ಮುಂದಿನ ಚಕ್ರದ ಬೇರಿಂಗ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ (ನಾಪೋಕ್ಲು): ಅಣ್ಣ, ನಮ್ಮದು ಹಳೇ ಫೋರ್‌ವೀಲ್ ಜೀಪು. ತೋಟದ ಕೆಲಸಕ್ಕೇ ಇರುವುದು. ಈ ಸಲ ಮಳೆ ಕಡಿಮೆಯಾಗುವ ಹೊತ್ತಿಗೆ ಮುಂದಿನಿಂದ ಗುಂಯ್ ಅಂತ ಸದ್ದು ಶುರುವಾಗಿದೆ. 40 ದಾಟಿದರೆ ಜಾಸ್ತಿ, ಎಡಕ್ಕೆ ತಿರುಗಿಸಿದರೆ ಇನ್ನೂ ಜೋರು. ಸ್ಪ್ಯಾನರ್ ಸೆಟ್, ಜಾಕ್ ಎರಡೂ ಇವೆ. ಕಾಫಿ ಕೊಯ್ಲಿಗೆ ಮೊದಲು ನಾನೇ ಬೇರಿಂಗ್ ಹಾಕಬಹುದಾ?

ಉತ್ತರ (ಮೆಕ್ಯಾನಿಕ್, ಗೋಣಿಕೊಪ್ಪ): ಖಂಡಿತ ಹಾಕಬಹುದು. ಈ ಜೀಪುಗಳ ಚಕ್ರದ ನಡುವಿನ ಹಬ್‌ನಲ್ಲಿ ಒಳಗೊಂದು, ಹೊರಗೊಂದು ಟೇಪರ್ (ಓರೆ ರೋಲರಿನ) ಬೇರಿಂಗ್ ಇರುತ್ತದೆ. ಒತ್ತಿ ಕೂರಿಸುವ ಯಂತ್ರ (ಪ್ರೆಸ್) ಬೇಕಿಲ್ಲ. ಆದರೆ ಮೊದಲು ಬೇರಿಂಗೇ ಹೋಗಿದೆಯಾ ಅಂತ ನೋಡಿ.

ಎಡಕ್ಕೆ ತಿರುಗಿದಾಗ ಭಾರ ಬಲಗಡೆಗೆ ಬೀಳುತ್ತದೆ. ಹಾಗಾಗಿ ನನ್ನ ಅನುಮಾನ ಬಲ ಚಕ್ರದ ಮೇಲೆ. ಆ ಚಕ್ರ ಎತ್ತಿ, ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಕಟಕಟ ಅಂತ ಪ್ಲೇ (ಸಡಿಲ ಅಲ್ಲಾಟ) ಬಂದರೆ ಒಬ್ಬರನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್. ಒತ್ತಿದರೂ ಇದ್ದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು, ಅಂದರೆ ಕಿಂಗ್‌ಪಿನ್ ನೋಡಬೇಕು. ಇಷ್ಟು ನೋಡದೆ ಬೇರಿಂಗ್ ತಂದು ಹಾಕಿ, ಆಮೇಲೂ ಅದೇ ಅಲ್ಲಾಟ ಅಂತ ಬರುವವರು ತುಂಬಾ ಜನ.

ಜಾಗದ ವಿಷಯ. ನಮ್ಮ ಕಡೆ ಅಂಗಳ ಅಂದರೆ ಇಳಿಜಾರು, ಮಳೆ ಬಿಟ್ಟ ಮೇಲೂ ಮಣ್ಣು ಮೆತ್ತಗೇ ಇರುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಈಗ ಖಾಲಿ ಇರುತ್ತದಲ್ವಾ, ಅಲ್ಲೇ ನಿಲ್ಲಿಸಿ. ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಡಿ. ಜಾಕ್ ಒಂದನ್ನೇ ನಂಬಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಹಾಲೋ ಬ್ಲಾಕ್ ಮೇಲೆ ಮಾತ್ರ ಬೇಡ, ಅದು ಒಡೆಯುವಾಗ ಹೇಳಿ ಕೇಳಿ ಒಡೆಯುವುದಿಲ್ಲ.

ಚಕ್ರ, ಬ್ರೇಕ್ ಡ್ರಮ್, ಡ್ರೈವ್ ಫ್ಲೇಂಜ್ (ಆಕ್ಸಲನ್ನು ಹಬ್ಬಿಗೆ ಜೋಡಿಸುವ ತಟ್ಟೆ) ತೆಗೆದರೆ ದೊಡ್ಡ ಲಾಕ್ ನಟ್ ಸಿಗುತ್ತದೆ. ಡ್ರಮ್ಮಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಲಾಕ್ ವಾಷರಿನ ಮಡಚಿದ ಕಿವಿ ನೇರ ಮಾಡಿ, ಹೊರಗಿನ ನಟ್ ತೆಗೆಯಿರಿ, ಆಮೇಲೆ ಒಳಗಿನದು. ಇದಕ್ಕೆ ದೊಡ್ಡ ಸಾಕೆಟ್ ಬೇಕು, ಯಾರ ಹತ್ತಿರವಾದರೂ ಕೇಳಿ ತನ್ನಿ. ಉಳಿ ಇಟ್ಟು ಹೊಡೆದರೆ ನಟ್ಟೂ ಹಾಳು, ಥ್ರೆಡ್ಡೂ ಹಾಳು. ಹಬ್ ಎಳೆಯುವಾಗ ಹೊರಗಿನ ಬೇರಿಂಗ್ ಕೆಳಗೆ ಬೀಳುತ್ತದೆ, ಕೈ ಒಡ್ಡಿ ಹಿಡಿಯಿರಿ.

ಬಿಚ್ಚಿದ ಮೇಲೆ ಫೋಟೋ ಹಾಕಿ.

ಪ್ರಶ್ನೆ (ನಾಪೋಕ್ಲು): ಬಿಚ್ಚಿದೆ ಅಣ್ಣ. ಬ್ರೇಕ್ ಒತ್ತಿದಾಗ ಪ್ಲೇ ಇರಲಿಲ್ಲ. ಹೊರಗಿನದು ಚೆನ್ನಾಗಿಯೇ ಕಾಣುತ್ತದೆ. ಒಳಗಿನ ಬೇರಿಂಗಿನ ಕಪ್ಪಿನಲ್ಲಿ (ರೋಲರ್ ಉರುಳುವ ಹೊರ ಬಳೆಯಲ್ಲಿ) ಸಿಡುಬಿನ ಕಲೆಯ ಹಾಗೆ ಗುಳಿಗಳಿವೆ. ಗ್ರೀಸ್ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿದೆ. ಒಳಗಿನದು ಒಂದೇ ಹಾಕಿದರೆ ಸಾಕಾ?

ಉತ್ತರ: ಆ ಬಣ್ಣವೇ ಕಾರಣ ಹೇಳುತ್ತಿದೆ. ಗ್ರೀಸಿಗೆ ನೀರು ಸೇರಿದೆ. ಓಡಿ ಬಿಸಿಯಾದ ಹಬ್ ತೋಡಿನ (ಹಳ್ಳದ) ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ನೀರು ತಡೆಯುವ ಸೀಲ್ ಸವೆದಿದ್ದರೆ ಆಗ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕೊಡಗಿನಲ್ಲಿ ನಾನು ಬಿಚ್ಚುವ ಜೀಪುಗಳಲ್ಲಿ ಬೇರಿಂಗ್ ಸವೆದು ಹಾಳಾಗುವುದಕ್ಕಿಂತ ನೀರು ಕುಡಿದು ಹಾಳಾಗುವುದೇ ಜಾಸ್ತಿ. ಎರಡೂ ಬೇರಿಂಗ್, ಎರಡರ ಕಪ್, ಜೊತೆಗೆ ಹೊಸ ಸೀಲ್ ತನ್ನಿ. ಸೀಲ್ ಬಿಟ್ಟರೆ ಮುಂದಿನ ಮಳೆಗೆ ಇದೇ ಕೆಲಸ. ಹಳೇ ಕಪ್ಪಿನಲ್ಲಿ ಹೊಸ ಬೇರಿಂಗ್ ಓಡಿಸಬೇಡಿ.

ಹಬ್ಬನ್ನು ಡೀಸೆಲ್ ಹಾಕಿ ತೊಳೆದು ಪೂರ್ತಿ ಒಣಗಿಸಿ. ಹೊಸ ಕಪ್ಪಿನ ಮೇಲೆ ಹಳೇ ಕಪ್ ಇಟ್ಟು, ಸುತ್ತಲೂ ಸಮನಾಗಿ ಹೊಡೆಯುತ್ತಾ ಇಳಿಸಿ. ಕೂರುವವರೆಗೆ ಸದ್ದು ಟೊಳ್ಳಾಗಿರುತ್ತದೆ, ಕೂತ ಕೂಡಲೇ ಟಣ್ ಅಂತ ಗಟ್ಟಿಯಾಗುತ್ತದೆ. ಆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಆಮೇಲೆ ಅಂಗೈಯಲ್ಲಿ ವೀಲ್ ಬೇರಿಂಗ್ ಗ್ರೀಸ್ ಇಟ್ಟು, ಬೇರಿಂಗಿನ ಅಗಲವಾದ ಬದಿಯನ್ನು ಅದರಲ್ಲಿ ಒತ್ತುತ್ತಾ ಹೋಗಿ. ಇನ್ನೊಂದು ಬದಿಯಿಂದ ಗ್ರೀಸ್ ಹೊರಗೆ ಬರಬೇಕು. ಸುಮ್ನೆ ಮೇಲೆ ಸವರಿದರೆ ಪ್ರಯೋಜನವಿಲ್ಲ. ಸೀಲಿನ ತುಟಿಗೂ ಸ್ವಲ್ಪ ಹಚ್ಚಿ.

ಕೊನೆಗೆ ನಟ್ ಬಿಗಿ. ಇಲ್ಲೇ ಎಲ್ಲರೂ ತಪ್ಪುವುದು. ಹಬ್ ತಿರುಗಿಸುತ್ತಲೇ ಒಳಗಿನ ನಟ್ ಬಿಗಿ ಮಾಡಿ. ಹಬ್ ಭಾರವಾಗಿ ತಿರುಗಿದಾಗ ನಿಲ್ಲಿಸಿ, ಸುಮಾರು 1/6 ಸುತ್ತು ಹಿಂದಕ್ಕೆ ಬಿಡಿ. ಆರು ಮೂಲೆಯ ನಟ್ಟಿನಲ್ಲಿ ಒಂದು ಮೂಲೆಯಷ್ಟು. ಹೊರಗಿನ ಲಾಕ್ ನಟ್ ಹಾಕಿ, ಮತ್ತೆ ಅಲ್ಲಾಡಿಸಿ ನೋಡಿ, ಅದು ಬಿಗಿಯಾದಾಗ ಲೆಕ್ಕ ಬದಲಾಗುತ್ತದೆ. ಚಕ್ರ ಸಲೀಸಾಗಿ ತಿರುಗಬೇಕು, ಪ್ಲೇ ಇರಬಾರದು. ಸರಿಯಾದ ಮೇಲೇ ವಾಷರಿನ ಕಿವಿ ಮಡಚಿ.

ಪ್ರಶ್ನೆ (ವಿರಾಜಪೇಟೆ): ಸರ್, ನನ್ನದು ಚಿಕ್ಕ ಕಾರು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಇದೇ ಸದ್ದು. ನಾನೂ ಹೀಗೇ ಮಾಡಲಾ?

ಉತ್ತರ: ಬೇಡ ಮೇಡಂ. ನಿಮ್ಮಂಥ ಚಿಕ್ಕ ಕಾರುಗಳಲ್ಲಿ ಮುಂದಿನ ಬೇರಿಂಗ್ ಸಾಮಾನ್ಯವಾಗಿ ನಕಲ್ (knuckle, ಹಬ್ಬನ್ನು ಹಿಡಿದಿರುವ ಲೋಹದ ಭಾಗ) ಒಳಗೆ ಪ್ರೆಸ್ ಮಾಡಿ ಕೂರಿಸಿದ್ದು. ಸುತ್ತಿಗೆಯಲ್ಲಿ ಹೊಡೆದರೆ ಒಳಗಿನ ಗುಂಡುಗಳ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಕೆಲವೇ ದಿನದಲ್ಲಿ ಮತ್ತೆ ಸದ್ದು. ಬಿಚ್ಚುವ ಅಭ್ಯಾಸ ಇದ್ದರೆ ನಕಲ್ ಬಿಚ್ಚಿ ಪ್ರೆಸ್ ಇರುವ ವರ್ಕ್‌ಶಾಪಿಗೆ ತೆಗೆದುಕೊಂಡು ಹೋಗಿ. ಎಬಿಎಸ್‌ನ ಮ್ಯಾಗ್ನೆಟ್ ಬೇರಿಂಗಿನಲ್ಲೇ ಇದ್ದರೆ ಆ ಬದಿ ಸೆನ್ಸರ್ ಕಡೆಗೇ ಬರಬೇಕು, ತಿರುವುಮುರುವಾದರೆ ಎಬಿಎಸ್ ದೀಪ ಉರಿಯುತ್ತದೆ. ಆಕ್ಸಲ್ ನಟ್ ಹೊಸದು ಹಾಕಿಸಿ, ಟಾರ್ಕ್ ವ್ರೆಂಚಿನಲ್ಲೇ ಬಿಗಿ ಮಾಡಿಸಿ.

ಪ್ರಶ್ನೆ (ನಾಪೋಕ್ಲು): ಹಾಕಿ ಆಯಿತು ಅಣ್ಣ, ಸದ್ದು ಪೂರ್ತಿ ಹೋಗಿದೆ. ಮಡಿಕೇರಿಗೆ ಹೋಗಿ, ಸುಂಟಿಕೊಪ್ಪಕ್ಕೆ ಇಳಿದು ಹಬ್ ಮುಟ್ಟಿದೆ. ಬಿಸಿ ಇತ್ತು. ಬಿಗಿ ಜಾಸ್ತಿಯಾಯಿತಾ?

ಉತ್ತರ: ಆ ಇಳಿಜಾರಿನಲ್ಲಿ ಬ್ರೇಕಿನ ಕಾವೇ ಸಾಕಷ್ಟಿರುತ್ತದೆ, ಅದರಿಂದ ಏನೂ ಹೇಳಲಾಗುವುದಿಲ್ಲ. ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ, ಬ್ರೇಕ್ ಆದಷ್ಟು ಕಡಿಮೆ ಒತ್ತಿ 10 ಕಿ.ಮೀ. ಓಡಿಸಿ, ಎರಡೂ ಬದಿ ಮುಟ್ಟಿ ಹೋಲಿಸಿ. ಬೆಚ್ಚಗಿದ್ದರೆ ಸರಿ. ಬಲಗಡೆ ಮಾತ್ರ ಕೈ ಇಡಲಾಗದಷ್ಟು ಸುಟ್ಟರೆ ನಟ್ ಸ್ವಲ್ಪ ಸಡಿಲಿಸಿ. 100 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಎತ್ತಿ ಪ್ಲೇ ನೋಡಿ. ಎಡ ಹಬ್ಬೂ ಅದೇ ತೋಡಿನಲ್ಲಿ ಇಳಿದಿದೆ, ಕೊಯ್ಲಿಗೆ ಮೊದಲು ಅದನ್ನೂ ಬಿಚ್ಚಿ ಗ್ರೀಸಿನ ಬಣ್ಣ ನೋಡಿಬಿಡಿ.